ಹದಿನೈದು ದಿನಕ್ಕೆ ಮತ್ತೆ ಬರುವ ತಿಗಣೆ: ಬುಡಸಮೇತ ಕಳೆಯುವ ಕ್ರಮ

“ಔಷಧಿ ಹೊಡೆಸಿದ್ವಿ, ಎರಡು ವಾರ ಸುದ್ದಿ ಇರಲಿಲ್ಲ, ಈಗ ಮತ್ತೆ ಶುರುವಾಗಿದೆ. ಇದಕ್ಕಿಂತ ಸ್ಟ್ರಾಂಗ್ ಔಷಧಿ ಯಾವುದಿದೆ?” ತಿಗಣೆ ವಿಷಯದಲ್ಲಿ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಉತ್ತರ ಇರುವುದು ಔಷಧಿಯಲ್ಲಲ್ಲ, ಆ ಎರಡು ವಾರದಲ್ಲಿ. ಹೊಡೆಸಿದ ದಿನ ಸತ್ತದ್ದು ಓಡಾಡುತ್ತಿದ್ದ ತಿಗಣೆಗಳು. ಮಂಚದ ಸಂದಿಯಲ್ಲಿ ಅಂಟಿಕೊಂಡಿದ್ದ ಮೊಟ್ಟೆಗಳಿಗೆ ಏನೂ ಆಗಿರಲಿಲ್ಲ. ಅವು ಒಡೆದು, ಮರಿಗಳು ಒಂದೆರಡು ಸಲ ರಕ್ತ ಕುಡಿದು, ನಿಮ್ಮ ಕಣ್ಣಿಗೆ ಬೀಳುವಷ್ಟಾಗಲು ಹಿಡಿಯುವ ಕಾಲ ಹೆಚ್ಚುಕಮ್ಮಿ ಹದಿನೈದು ದಿನ. ಹಾಗಾಗಿ ಇಲ್ಲಿ ಔಷಧಿಗಿಂತ ಕ್ಯಾಲೆಂಡರಿನ ಮಾತೇ ಹೆಚ್ಚು. ಒಂದು ಮಲಗುವ ಕೋಣೆ, ಒಂದು ಮಂಚ ಅಂದುಕೊಂಡರೆ ಒಟ್ಟು ಕನಿಷ್ಠ ಎಂಟು ವಾರದ ಕೆಲಸ. ಮೊದಲ ದಿನ ಪೂರ್ತಿ ಇದಕ್ಕೇ ಬೇಕು, 14 ಮತ್ತು 28ನೇ ದಿನ ಇನ್ನೊಂದೊಂದು ಸುತ್ತು, ಉಳಿದಂತೆ ವಾರಕ್ಕೆ ಒಂದು ಗಂಟೆ ಸಾಕು.

ತಿಗಣೆಯ ದಿನಚರಿ

ನಮ್ಮ ಕಡೆ ಹೆಚ್ಚಾಗಿ ಕಾಡುವುದು ಉಷ್ಣವಲಯದ ತಿಗಣೆ. ಶಾಸ್ತ್ರದ ಹೆಸರು ಸೈಮೆಕ್ಸ್ ಹೆಮಿಪ್ಟೆರಸ್. ಯುರೋಪು, ಅಮೆರಿಕಗಳಲ್ಲಿ ಕಾಡುವುದು ಬಹುಪಾಲು ಇದರ ದಾಯಾದಿ, ಸೈಮೆಕ್ಸ್ ಲೆಕ್ಟುಲೇರಿಯಸ್. ಎರಡರ ಚಾಳಿಯೂ ಒಂದೇ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ: ನಮ್ಮದರ ಕಾಲಿಗೆ ಹಿಡಿತ ಜಾಸ್ತಿ, ನುಣುಪು ಪ್ಲಾಸ್ಟಿಕ್ಕನ್ನೂ ಹತ್ತಬಲ್ಲದು. ಹೊರದೇಶದ ವಿಡಿಯೊ ನೋಡಿಕೊಂಡು, ತಿಗಣೆ ಬಿದ್ದು ಸಿಕ್ಕಿಕೊಳ್ಳಲೆಂದು ಮಂಚದ ಕಾಲಿನಡಿ ಬಟ್ಟಲು ಇಟ್ಟವರು ಸೋಲುವುದು ಇದರಿಂದಲೇ.

ಬೆಳೆದ ತಿಗಣೆ ಹುರುಳಿಕಾಳಿನಷ್ಟು, 5ರಿಂದ 7 ಮಿಲಿಮೀಟರ್ ಉದ್ದ. ಹಸಿದಾಗ ಕಾಗದದಂತೆ ಚಪ್ಪಟೆ, ಕುಡಿದಾಗ ಉಬ್ಬಿ ಕಡುಗೆಂಪು. ರೆಕ್ಕೆ ಇಲ್ಲ, ಜಿಗಿಯುವುದಿಲ್ಲ. ಆಗಷ್ಟೇ ಹುಟ್ಟಿದ ಮರಿ ರಾಗಿಕಾಳಿನಷ್ಟಿದ್ದು ಒಣಹುಲ್ಲಿನ ಬಣ್ಣದ್ದು. ಬಿಳಿ ಚಾದರದ ಮೇಲೆ ಕಾಣುವುದೇ ಇಲ್ಲ. ಮೊಟ್ಟೆ ಗಸಗಸೆಯಷ್ಟು, ಸುಮಾರು 1 ಮಿಲಿಮೀಟರ್, ಬಿಳಿ. ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ, ಇಟ್ಟಲ್ಲೇ ಅಂಟಿಸಿಬಿಡುತ್ತದೆ. ಕೊಡವಿದರೆ ಉದುರುವುದಿಲ್ಲ, ವ್ಯಾಕ್ಯೂಮ್ ಕ್ಲೀನರಿಗೂ ಪೂರ್ತಿ ಬರುವುದಿಲ್ಲ. ನಮ್ಮ ಸೆಕೆಯಲ್ಲಿ 6ರಿಂದ 10 ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಡಿಸೆಂಬರ್ ಚಳಿಯಲ್ಲಿ ಎರಡು ವಾರ ದಾಟಬಹುದು. ಮರಿ ಐದು ಸಲ ಪೊರೆ ಬಿಟ್ಟು ಬೆಳೆಯುತ್ತದೆ, ಪ್ರತಿ ಸಲಕ್ಕೂ ಒಂದು ಹೊಟ್ಟೆ ರಕ್ತ ಬೇಕೇ ಬೇಕು. ಬೆಳೆದು ತಾನೇ ಮೊಟ್ಟೆ ಇಡಲು ಬೇಗವೆಂದರೂ ನಾಲ್ಕೈದು ವಾರ. ನಿಮಗೆ ಸಿಗುವ ಅವಕಾಶ ಈ ಕೊನೆಯ ಲೆಕ್ಕದಲ್ಲಿದೆ: ಮೊಟ್ಟೆ ಒಡೆದ ಮೇಲೆ, ಆದರೆ ಆ ಮರಿ ತಾಯಿಯಾಗುವ ಮೊದಲು, ಎರಡನೆಯ ಪೆಟ್ಟು ಬೀಳಬೇಕು.

ತಿಗಣೆ ಮೈಮೇಲೆ ವಾಸ ಮಾಡುವುದಿಲ್ಲ. ಬೆಳಗಿನ ಜಾವ, ನೀವು ಗಾಢ ನಿದ್ದೆಯಲ್ಲಿದ್ದಾಗ, ನಿಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್ ಮತ್ತು ಮೈಯ ಬಿಸಿ ಹಿಡಿದು ಬರುತ್ತದೆ. ಐದರಿಂದ ಹದಿನೈದು ನಿಮಿಷ ಕುಡಿದು ಹಿಂದಿರುಗುತ್ತದೆ. ಆಮೇಲೆ ಮೂರು ದಿನದಿಂದ ಒಂದು ವಾರ ಸಂದಿಯಲ್ಲೇ ಕೂರುತ್ತದೆ. ಹೊಟ್ಟೆ, ಬೆನ್ನು ಎರಡೂ ಏನಕ್ಕಾದರೂ ತಾಗಿಕೊಂಡಿರುವ ಇಕ್ಕಟ್ಟೇ ಅದಕ್ಕೆ ಇಷ್ಟ. ಎಟಿಎಂ ಕಾರ್ಡ್ ತೂರುವ ಸಂದಿ ಸಾಕು. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ತಂಪು ಇದ್ದಷ್ಟೂ ಹೆಚ್ಚು ಕಾಲ. ‘ಮನೆಗೆ ಬೀಗ ಹಾಕಿ ಒಂದು ತಿಂಗಳು ಊರಿಗೆ ಹೋಗಿಬರೋಣ’ ಎಂಬ ಉಪಾಯ ಫಲಿಸದಿರುವುದು ಇದಕ್ಕೇ.

ಕೊಳಕು ಮನೆಗೆ ಮಾತ್ರ ತಿಗಣೆ ಬರುತ್ತದೆ ಎಂಬುದು ಸುಳ್ಳು. ಅದಕ್ಕೆ ಬೇಕಾದ್ದು ಮಲಗುವ ಮನುಷ್ಯ, ಒಂದು ಸಂದಿ, ಅಷ್ಟೇ. ಲಕ್ಷ್ಮಿ ಕಮಲದಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲ್ಗಡಲಲ್ಲಿ ಮಲಗುವುದು ತಿಗಣೆಯ ಭಯಕ್ಕೇ ಇರಬೇಕು ಎಂದು ಹಳೆಯ ಸಂಸ್ಕೃತ ಸುಭಾಷಿತವೊಂದು ತಮಾಷೆ ಮಾಡುತ್ತದೆ. ನಾಚಿಕೆಪಟ್ಟು ಮುಚ್ಚಿಟ್ಟಷ್ಟು ದಿನವೂ ಅವುಗಳ ಸಂಸಾರ ಬೆಳೆಯುತ್ತದೆ. ಬಸುರಿ ತಿಗಣೆ ಒಂದು ಬಂದರೂ ಮನೆ ತುಂಬಲು ಸಾಕು.

ಮೊದಲು ಖಚಿತ ಮಾಡಿಕೊಳ್ಳಿ

ಕಡಿತದ ಗುರುತು ನೋಡಿ ತೀರ್ಮಾನಿಸಬೇಡಿ. ಸಾಲಾಗಿ ಮೂರು ಗಂಧೆ ಎದ್ದರೆ ತಿಗಣೆ ಎನ್ನುತ್ತಾರೆ, ಆದರೆ ಎಲ್ಲರಿಗೂ ಹಾಗೆ ಏಳುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದು, ಇನ್ನೊಬ್ಬರಿಗೆ ಏನೂ ಇಲ್ಲ ಎನ್ನುವುದು ಮಾಮೂಲು. ಕೆಲವರಿಗೆ ಕಚ್ಚಿ ಎಷ್ಟೋ ದಿನದ ಮೇಲೆ ತುರಿಕೆ ಏಳುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ತುರಿಕೆಯಿದ್ದು ಮನೆಮಂದಿಗೆಲ್ಲ ಹರಡುತ್ತಿದ್ದರೆ ಅದು ಕಜ್ಜಿ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ತಿಗಣೆ ಮನುಷ್ಯರಿಗೆ ರೋಗ ಹರಡುತ್ತದೆಂದು ಈವರೆಗೆ ರುಜುವಾತಾಗಿಲ್ಲ. ಕೆರೆದು ಗಾಯ ಮಾಡಿಕೊಂಡು ಕೀವಾಗುವುದು, ನಿದ್ದೆ ಕೆಡುವುದು ಇವೇ ದೊಡ್ಡ ತೊಂದರೆ.

ನಂಬಬೇಕಾದ ಸಾಕ್ಷಿ ನಾಲ್ಕು: ಜೀವಂತ ತಿಗಣೆ, ಅದು ಕಳಚಿದ ಪೊರೆ, ಮೊಟ್ಟೆ, ಮತ್ತು ಹಿಕ್ಕೆ. ಹಿಕ್ಕೆಯೆಂದರೆ ಸ್ಕೆಚ್ ಪೆನ್ ತುದಿ ತಾಗಿಸಿದಂಥ ಕಪ್ಪು ಚುಕ್ಕೆಗಳು. ಒದ್ದೆ ಹತ್ತಿಯಿಂದ ಒರೆಸಿ ನೋಡಿ. ಕೆಂಪು ಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಜೀರ್ಣವಾದ ರಕ್ತ. ಜಿರಳೆ ಹಿಕ್ಕೆಯಾದರೆ ಕಾಳಿನಂತೆ ಉರುಳುತ್ತದೆ, ಹೀಗೆ ಹರಡುವುದಿಲ್ಲ. ಸಂಖ್ಯೆ ಜಾಸ್ತಿಯಾದ ಕೋಣೆಯಲ್ಲಿ ಹಸಿ ಕೊತ್ತಂಬರಿಯನ್ನು ಹೋಲುವ ಒಂದು ಘಾಟು ಇರುತ್ತದೆ. ಒಂದನ್ನು ಹೊಸಕಿದವರಿಗೆ ಆ ವಾಸನೆ ಗೊತ್ತು.

ಬೇಕಾಗುವ ಸಾಮಾನು

ಒಳ್ಳೆಯ ಟಾರ್ಚ್, ಹಳೆಯ ಎಟಿಎಂ ಕಾರ್ಡ್, ಅಗಲವಾದ ಅಂಟು ಟೇಪ್, ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀ, ದಪ್ಪನೆಯ ಕಪ್ಪು ಕಸದ ಚೀಲ 15–20, ಗಡಸು ಬ್ರಷ್. ವ್ಯಾಕ್ಯೂಮ್ ಕ್ಲೀನರ್ ಮತ್ತು ಬಟ್ಟೆಗೆ ಹಬೆ ಹಿಡಿಯುವ ಸ್ಟೀಮರ್ ಇದ್ದರೆ ಕೆಲಸ ಅರ್ಧ ಹಗುರ, ಇಲ್ಲದಿದ್ದರೆ ಕೆಟಲ್ ಮತ್ತು ಇಸ್ತ್ರಿಪೆಟ್ಟಿಗೆಯಲ್ಲೂ ನಡೆಯುತ್ತದೆ. ಸುತ್ತಲೂ ಜಿಪ್ ಇರುವ ಹಾಸಿಗೆ ಕವರ್ (ಆರೂ ಬದಿ ಮುಚ್ಚುವಂಥದ್ದು, ಮೇಲೆ ಎಲಾಸ್ಟಿಕ್ ಹಾಕಿ ಎಳೆಯುವಂಥದ್ದಲ್ಲ), ನಾಲ್ಕು ಜೊತೆ ಪ್ಲಾಸ್ಟಿಕ್ ಬಟ್ಟಲು, ಒಂದು ಡಬ್ಬಿ ಟಾಲ್ಕಂ ಪೌಡರ್, ಗೋಡೆ ಬಿರುಕು ಮುಚ್ಚಲು ಪುಟ್ಟಿ. ಒಂದು ಥರ್ಮಾಮೀಟರ್ ಕೂಡ ಬೇಕು. ಜ್ವರ ನೋಡುವುದಲ್ಲ, 70 ಡಿಗ್ರಿವರೆಗೆ ತೋರಿಸುವ ಅಡುಗೆ ಅಥವಾ ಅಕ್ವೇರಿಯಂ ಬಗೆಯದು.

ಹಂತ 1: ಇವತ್ತೂ ಅದೇ ಹಾಸಿಗೆಯಲ್ಲಿ ಮಲಗಿ

ಕೇಳಲು ಕಷ್ಟವಾದ ಮಾತು, ಆದರೆ ಎಲ್ಲಕ್ಕಿಂತ ಮುಖ್ಯ. ಹೆದರಿ ಹಾಲಿನ ಸೋಫಾಕ್ಕೆ ಹೋಗಿ ಮಲಗಿದರೆ ಹಸಿದ ತಿಗಣೆಗಳು ನಿಮ್ಮನ್ನೇ ಹುಡುಕಿಕೊಂಡು ಬರುತ್ತವೆ, ದಿಂಬು ಹೊದಿಕೆಯ ಜೊತೆಗೂ ಬರುತ್ತವೆ. ಒಂದು ಕೋಣೆಯ ಸಮಸ್ಯೆ ಮೂರು ಕೋಣೆಗೆ ಹಬ್ಬುವುದು ಹೀಗೆ. ಕೋಣೆಯಿಂದ ಯಾವ ಸಾಮಾನನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟದೆ ಹೊರಗೆ ತರಬೇಡಿ. ಹಾಸಿಗೆಯನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಟೆರೇಸಿಗೆ ಒಯ್ಯುವುದಂತೂ ಇಡೀ ಕಟ್ಟಡಕ್ಕೆ ಹಂಚಿದ ಹಾಗೆ.

ಹಂತ 2: ಹುಡುಕಿ, ಗುರುತು ಹಾಕಿ

ಹಾಸಿಗೆಯಿಂದ ಆರಂಭಿಸಿ ಹೊರಕ್ಕೆ ಹೋಗಿ. ಹಾಸಿಗೆಯ ಅಂಚಿನಲ್ಲಿ ಹಗ್ಗದಂತೆ ಉಬ್ಬಿರುವ ಹೊಲಿಗೆ ಇರುತ್ತದಲ್ಲ, ಪೈಪಿಂಗ್ ಎನ್ನುತ್ತಾರೆ, ಅದನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮಗುಚಿ ಅದರ ಬುಡಕ್ಕೆ ಟಾರ್ಚ್ ಬಿಡಿ. ಕಾರ್ಡಿನ ಮೂಲೆಯನ್ನು ಹೊಲಿಗೆಯುದ್ದಕ್ಕೂ ನಿಧಾನವಾಗಿ ಎಳೆದರೆ ಒಳಗೆ ಕೂತಿದ್ದು ಮುಂದೆ ಮುಂದೆ ಓಡುತ್ತದೆ, ಮೂಲೆಗೆ ಬಂದಾಗ ಟೇಪಿಗೆ ಅಂಟಿಸಿಕೊಳ್ಳಿ. ತಲೆದಿಂಬಿನ ಕಡೆಯ ಎರಡು ಮೂಲೆಗೆ ಹೆಚ್ಚು ಹೊತ್ತು ಕೊಡಿ. ಆಮೇಲೆ ಹಾಸಿಗೆ ಕೆಳಗಿನ ಪ್ಲೈವುಡ್ ಹಲಗೆಯ ಅಂಚು, ಮಂಚದ ತಲೆಹಲಗೆಯ ಹಿಂಭಾಗ, ಸ್ಕ್ರೂ ತೂತುಗಳು, ಸನ್‌ಮೈಕಾ ಎದ್ದಿರುವ ಕಡೆ, ಕಬ್ಬಿಣದ ಮಂಚವಾದರೆ ಪೈಪಿನ ತೆರೆದ ಬಾಯಿ. ನಂತರ ಸೊಳ್ಳೆ ಪರದೆಯ ಮೇಲಿನ ಮಡಿಕೆ, ಕಿಟಕಿ ಪರದೆಯ ತುದಿ, ಪ್ಲಾಸ್ಟಿಕ್ ಕುರ್ಚಿಯ ತಳ, ಬೆತ್ತದ ಕುರ್ಚಿಯ ಹೆಣಿಗೆ, ಗೋಡೆ ಕ್ಯಾಲೆಂಡರಿನ ಹಿಂಬದಿ, ದೇವರ ಪಟದ ಚೌಕಟ್ಟು, ಲ್ಯಾಪ್‌ಟಾಪ್ ಬ್ಯಾಗಿನ ಜಿಪ್. ಕೌದಿ ಹೊದೆಯುವವರು ಅದರ ಪ್ರತಿ ಸಾಲು ಹೊಲಿಗೆಯನ್ನೂ ನೋಡಬೇಕಾಗುತ್ತದೆ; ತಿಗಣೆಗೆ ಅದಕ್ಕಿಂತ ಒಳ್ಳೆಯ ವಠಾರ ಇನ್ನೊಂದಿಲ್ಲ.

ಸಿಕ್ಕ ಜಾಗಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ವಾರದ ನಂತರ ಅದೇ ಜಾಗಕ್ಕೆ ಹಿಂದಿರುಗಿ ಬರಬೇಕಿದೆ.

ಹಂತ 3: ಬಟ್ಟೆಗೆ ಬಿಸಿಯೇ ಮದ್ದು

50 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಿಗಣೆ ಬೇಗ ಸಾಯುತ್ತದೆ, ಮೊಟ್ಟೆಗೆ 55 ಬೇಕು. 48 ಡಿಗ್ರಿಯಲ್ಲಾದರೆ ಒಂದೂವರೆ ಗಂಟೆ ಹಿಡಿಯಬೇಕು. ಸೋಪಿನ ಪುಡಿ ಎಷ್ಟು ಹಾಕಿದಿರಿ ಎಂಬುದು ಲೆಕ್ಕಕ್ಕಿಲ್ಲ, ತಣ್ಣೀರಲ್ಲಿ ಒಗೆದರೆ ಮೊಟ್ಟೆಗಳು ಆರಾಮವಾಗಿ ಉಳಿಯುತ್ತವೆ. ಮೆಷಿನ್‌ನಲ್ಲಿ 60 ಡಿಗ್ರಿಯ ಆಯ್ಕೆ ಇದ್ದರೆ ಅದರಲ್ಲಿ ಹಾಕಿ. ಇಲ್ಲದಿದ್ದರೆ ಚಾದರ, ದಿಂಬಿನ ಚೀಲಗಳನ್ನು ಬಕೆಟ್ಟಿನಲ್ಲಿ ಹಾಕಿ ಕುದಿಯುವ ನೀರು ಸುರಿದು, ಮುಚ್ಚಿ ಅರ್ಧ ಗಂಟೆ ಬಿಡಿ. ಗೀಸರಿನ ನೀರು ಬಕೆಟ್ಟಿಗೆ ಬೀಳುವಷ್ಟರಲ್ಲಿ 50ಕ್ಕಿಂತ ಕೆಳಗೆ ಇಳಿದಿರಬಹುದು, ಅದನ್ನು ನಂಬಬೇಡಿ.

ಕುದಿನೀರು ತಡೆಯದ ರೇಷ್ಮೆ, ಉಣ್ಣೆಗೆ ಬೇರೆ ದಾರಿ. ತೆಳುವಾಗಿ ಚೀಲಕ್ಕೆ ಹಾಕಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಪೂರ್ತಿ ಒಂದು ವಾರ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಸಾಮಾನ್ಯವಾಗಿ ಅಷ್ಟು ತಂಪಾಗುವುದಿಲ್ಲ. ಪುಸ್ತಕಗಳಿಗೂ ಇದೇ ಕ್ರಮ. ಪ್ಯಾಂಟು, ಜಾಕೆಟ್ಟಿನ ಹೊಲಿಗೆ ಮಡಿಕೆಗಳ ಮೇಲೆ ಬಿಸಿ ಇಸ್ತ್ರಿಯನ್ನು ನಿಧಾನವಾಗಿ ಒತ್ತಿ ಎಳೆದರೂ ಆಯಿತು.

ಬಿಸಿಲಿನ ಬಗ್ಗೆ ಎರಡು ಮಾತು. ಹಾಸಿಗೆಯನ್ನು ಬಿಸಿಲಿಗೆ ಹರಡಿದರೆ ತಿಗಣೆ ಸಾಯುವುದಿಲ್ಲ, ನೆರಳಿರುವ ಮಗ್ಗುಲಿಗೆ ಹೋಗುತ್ತದೆ ಇಲ್ಲವೇ ಇಳಿದು ನಡೆಯುತ್ತದೆ. ಆದರೆ ಬಟ್ಟೆ, ಚಪ್ಪಲಿ, ಬ್ಯಾಗಿನಂಥ ಸಣ್ಣ ಸಾಮಾನನ್ನು ಕಪ್ಪು ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಮಾರ್ಚ್‌ನಿಂದ ಮೇವರೆಗಿನ ಬಿಸಿಲಲ್ಲಿ ಟೆರೇಸಿನ ಕಾದ ನೆಲದ ಮೇಲೆ ಇಟ್ಟರೆ ಕೆಲಸವಾಗುತ್ತದೆ. ಚೀಲ ಅರ್ಧ ಮಾತ್ರ ತುಂಬಿ, ನಡುವೆ ಥರ್ಮಾಮೀಟರ್ ಇಡಿ. ಮಧ್ಯಭಾಗ 50 ದಾಟಿದ ಮೇಲೆ ಎರಡು ಗಂಟೆ ಎಣಿಸಿ. ರಾಯಚೂರು, ಕಲಬುರಗಿಯಲ್ಲಿ ಇದು ಸಲೀಸು. ಮಲೆನಾಡಿನ ಮಳೆಗಾಲದಲ್ಲಿ ಮರೆತುಬಿಡಿ.

ಸ್ವಚ್ಛವಾದ ಬಟ್ಟೆಯನ್ನು ಹೊಸ ಚೀಲಕ್ಕೆ ಹಾಕಿ ಕಟ್ಟಿಡಿ. ಹಳೆಯ ಚೀಲಕ್ಕೇ ವಾಪಸು ತುಂಬುವವರು ಬಹಳ ಜನ!

ಹಂತ 4: ಮಂಚ ಬಿಚ್ಚಿ

ಬಿಚ್ಚದ ಮಂಚಕ್ಕೆ ಮಾಡಿದ ಚಿಕಿತ್ಸೆ ದಂಡ. ಎಲ್ಲ ಬೋಲ್ಟ್ ತೆಗೆದು ಹಲಗೆಗಳನ್ನು ಅದೇ ಕೋಣೆಯಲ್ಲಿ ಗೋಡೆಗೆ ಒರಗಿಸಿ. ಮೊದಲು ವ್ಯಾಕ್ಯೂಮ್. ಪೈಪಿನ ತುದಿಗೆ ಹಳೆಯ ನೈಲಾನ್ ಸ್ಟಾಕಿಂಗ್ ಅಥವಾ ತೆಳು ಕಾಲುಚೀಲವನ್ನು ಒಳಕ್ಕೆ ಇಳಿಬಿಟ್ಟು ರಬ್ಬರ್ ಬ್ಯಾಂಡ್ ಹಾಕಿ. ಎಳೆದುಕೊಂಡದ್ದೆಲ್ಲ ಅದರಲ್ಲೇ ನಿಲ್ಲುತ್ತದೆ. ಮುಗಿದ ತಕ್ಷಣ ಮಷಿನ್ ಓಡುತ್ತಿರುವಾಗಲೇ ಹೊರತೆಗೆದು ಗಂಟು ಹಾಕಿ, ಬಿಸಿ ಸಾಬೂನು ನೀರಿಗೆ ಹಾಕಿ. ಅಂಟಿದ ಮೊಟ್ಟೆಗಳನ್ನು ಗಡಸು ಬ್ರಷ್‌ನಿಂದ ಉಜ್ಜಿ ಎಬ್ಬಿಸಿ ಮತ್ತೆ ಎಳೆಯಿರಿ.

ಆಮೇಲೆ ಬಿಸಿ. ಕಬ್ಬಿಣದ ಮಂಚ, ಹಗ್ಗದ ಮಂಚ, ನವಾರದ ಮಂಚವಾದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಗಳಕ್ಕೋ ಬಚ್ಚಲಿಗೋ ಒಯ್ದು ಪ್ರತಿ ಕೀಲಿಗೆ ಕುದಿಯುವ ನೀರು ಸುರಿಯುವ ಅಜ್ಜಿಯ ಕಾಲದ ವಿಧಾನ ಇವತ್ತಿಗೂ ಸರಿ. ನೀರು ಕುದಿಯುತ್ತಲೇ ಇರಬೇಕು, ಒಂದು ಜಾಗಕ್ಕೆ ಕನಿಷ್ಠ ಒಂದು ಲೋಟ. ಪ್ಲೈವುಡ್, ಪಾರ್ಟಿಕಲ್ ಬೋರ್ಡಿಗೆ ನೀರು ಸುರಿಯಬೇಡಿ, ಉಬ್ಬಿ ಹಾಳಾಗುತ್ತದೆ. ಅಲ್ಲಿ ಸ್ಟೀಮರ್ ಬಳಸಿ. ಮೂತಿಯನ್ನು ಸಂದಿಗೆ ಹತ್ತಿರ ಹಿಡಿದು ಒಂದು ಅಡಿ ಸರಿಯಲು 15 ಸೆಕೆಂಡ್ ತೆಗೆದುಕೊಳ್ಳಿ. ಎಲ್ಲರೂ ತಪ್ಪುವುದು ಈ ವೇಗದಲ್ಲೇ. ಹಬೆ ರಭಸವಾಗಿ ಬರುತ್ತಿದ್ದರೆ ಮೂತಿಗೆ ಒಂದು ಹತ್ತಿಬಟ್ಟೆ ಸುತ್ತಿ, ಇಲ್ಲದಿದ್ದರೆ ಮರಿಗಳು ಸಾಯುವ ಬದಲು ಹಾರಿ ಆಚೆ ಬೀಳುತ್ತವೆ. ಹೇರ್ ಡ್ರೈಯರಿನಲ್ಲೂ ಇದೇ ಕಥೆ. ಅದನ್ನು ಸಂದಿಯೊಳಗಿರುವುದನ್ನು ಹೊರಗೆಬ್ಬಿಸಲು ಮಾತ್ರ ಬಳಸಿ.

ಮಂಚ ಪೂರ್ತಿ ಒಣಗಿದ ಮೇಲೆ ಖಾಲಿ ಸ್ಕ್ರೂ ತೂತು, ಎದ್ದ ಸನ್‌ಮೈಕಾ ಅಂಚುಗಳನ್ನು ಪುಟ್ಟಿ ಅಥವಾ ಫೆವಿಕಾಲ್‌ನಿಂದ ಮುಚ್ಚಿ. ಕಬ್ಬಿಣದ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ.

ಹಂತ 5: ಹಾಸಿಗೆ ಎಸೆಯಬೇಕಾ?

ಸಾಮಾನ್ಯವಾಗಿ ಬೇಡ. ಹೊಸ ಹಾಸಿಗೆ ತಂದರೆ ಮಂಚದಲ್ಲಿರುವವು ವಾರದೊಳಗೆ ಅದಕ್ಕೂ ಹತ್ತುತ್ತವೆ. ಹಾಸಿಗೆಯ ಹೊಲಿಗೆ, ಗುಂಡಿ, ಲೇಬಲ್ಲಿನ ಅಡಿ ವ್ಯಾಕ್ಯೂಮ್ ಮಾಡಿ, ಅದೇ ನಿಧಾನದಲ್ಲಿ ಹಬೆ ಕೊಡಿ. ಫ್ಯಾನ್ ಹಾಕಿ ಚೆನ್ನಾಗಿ ಒಣಗಿಸಿ. ತೆಂಗಿನ ನಾರಿನ ಹಾಸಿಗೆಯಲ್ಲಿ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಜಿಪ್ ಕವರ್ ಹಾಕಿ, ಜಿಪ್ಪಿನ ತುದಿಗೆ ಟೇಪ್ ಅಂಟಿಸಿ, ಒಂದು ವರ್ಷ ಬಿಚ್ಚಬೇಡಿ. ಒಳಗೆ ಉಳಿದದ್ದು ಹಸಿದು ಸಾಯುತ್ತದೆ. ಕವರಿಗೆ ಸಣ್ಣ ತೂತು ಬಿದ್ದರೂ ವ್ಯರ್ಥ, ಹಾಗಾಗಿ ಮಂಚದ ಮೊಳೆ ತುದಿಗಳನ್ನು ಮೊದಲೇ ಬಡಿದುಹಾಕಿ.

ಹತ್ತಿ ಹಾಸಿಗೆಯನ್ನು ಹಿಂಜಿಸಿ ಹೊಸ ಬಟ್ಟೆ ಹಾಕಿಸುವುದಿದ್ದರೆ ಹಿಂಜುವ ಕೆಲಸ ಮನೆಯೊಳಗೆ ಬೇಡ. ಹಳೆಯ ಮೇಲ್ಬಟ್ಟೆಯನ್ನು ಮರುಬಳಸಬೇಡಿ, ಮೊಟ್ಟೆ ಇರುವುದು ಅದರ ಹೊಲಿಗೆಯಲ್ಲೇ. ಹರಿದು ಚಿಂದಿಯಾದ ಹಾಸಿಗೆಯನ್ನು ಎಸೆಯಲೇಬೇಕೆಂದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬ್ಲೇಡಿನಿಂದ ಗೀರಿ, ಮೇಲೆ ‘ತಿಗಣೆ ಇದೆ’ ಎಂದು ದೊಡ್ಡದಾಗಿ ಬರೆದು ಹಾಕಿ. ಯಾರೋ ಪಾಪದವರು ಅದನ್ನು ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.

ಹಂತ 6: ಗೋಡೆ

ಬಿರುಕು, ಮೊಳೆ ತೂತು, ಕಿಟಕಿ ಚೌಕಟ್ಟಿನ ಸುತ್ತಲಿನ ಸಂದಿಗೆ ಪುಟ್ಟಿ. ಕ್ಯಾಲೆಂಡರ್, ಪಟಗಳನ್ನು ಮಂಚದ ಕಡೆಯ ಗೋಡೆಯಿಂದ ತೆಗೆಯಿರಿ. ಸ್ವಿಚ್‌ಬೋರ್ಡಿನೊಳಗೆ ಹಬೆ, ನೀರು, ಸ್ಪ್ರೇ ಯಾವುದೂ ಬೇಡ. ಅದರ ಹೊರ ಅಂಚನ್ನು ಮುಚ್ಚಿದರೆ ಸಾಕು.

ಹಂತ 7: ಮಂಚವನ್ನು ದ್ವೀಪ ಮಾಡಿ

ಮಂಚ ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ಚಾದರ, ಪರದೆ, ಚಾರ್ಜರ್ ವೈರು ಯಾವುದೂ ನೆಲಕ್ಕೂ ಗೋಡೆಗೂ ತಾಗಬಾರದು. ಕೆಳಗೆ ಸೂಟ್‌ಕೇಸ್, ಹಳೆ ಪೇಪರ್ ತುರುಕಬೇಡಿ. ಈಗ ನೆಲದಿಂದ ನಿಮ್ಮವರೆಗೆ ಉಳಿದಿರುವ ದಾರಿ ಮಂಚದ ಕಾಲು ಮಾತ್ರ.

ಪ್ರತಿ ಕಾಲಿನ ಅಡಿ ಒಂದು ಅಗಲ ಬಟ್ಟಲು, ಅದರೊಳಗೆ ಕಾಲು ನಿಲ್ಲುವ ಚಿಕ್ಕ ಗಟ್ಟಿ ಬಟ್ಟಲು. ಎರಡರ ನಡುವೆ ಕಂದಕ. ದೊಡ್ಡ ಬಟ್ಟಲಿನ ಹೊರಮೈಗೆ ಒರಟು ಪೇಪರ್ ಟೇಪ್ ಸುತ್ತಿ, ಹತ್ತಲು ಸುಲಭವಾಗಲಿ. ಒಳಮೈಗೆ, ಮತ್ತು ಚಿಕ್ಕ ಬಟ್ಟಲಿನ ಹೊರಮೈಗೆ, ಟಾಲ್ಕಂ ಪೌಡರನ್ನು ಹತ್ತಿಯಿಂದ ತೆಳುವಾಗಿ ಸವರಿ. ಬಿದ್ದದ್ದು ಮೇಲೇರಲಾರದು. ನಮ್ಮ ತಿಗಣೆ ಹತ್ತುವುದರಲ್ಲಿ ಗಟ್ಟಿ ಎಂದು ಆಗಲೇ ಹೇಳಿದ್ದೆವಲ್ಲ, ಪೌಡರ್ ಇಲ್ಲದ ಬಟ್ಟಲು ಅದಕ್ಕೆ ಮೆಟ್ಟಿಲಿದ್ದ ಹಾಗೆ. ವಾರಕ್ಕೊಮ್ಮೆ ಒರೆಸಿ ಹೊಸದಾಗಿ ಸವರಿ. ಮಳೆಗಾಲದಲ್ಲಿ ನಾಲ್ಕು ದಿನಕ್ಕೊಮ್ಮೆ, ತೇವಕ್ಕೆ ಪೌಡರ್ ಉಂಡೆಗಟ್ಟುತ್ತದೆ.

ಕೆಲವರು ಹಿಂದಿನ ಕಾಲದಂತೆ ನೀರು ತುಂಬುತ್ತಾರೆ. ಮಂಚದಡಿ ನಿಂತ ಸ್ವಚ್ಛ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಸೀಮೆಎಣ್ಣೆ ತುಂಬುವುದು ಅದಕ್ಕಿಂತ ಅಪಾಯ. ಒಣ ಬಟ್ಟಲೇ ಸರಿ.

ಈ ಬಟ್ಟಲು ಬಲೆ ಮಾತ್ರವಲ್ಲ, ನಿಮ್ಮ ಲೆಕ್ಕದ ಪುಸ್ತಕವೂ ಹೌದು. ಕಂದಕದಲ್ಲಿ ಸಿಕ್ಕರೆ ತಿಗಣೆ ಇನ್ನೂ ಕೋಣೆಯಲ್ಲಿದೆ. ಕಂದಕ ಖಾಲಿಯಿದ್ದು ಕಡಿತ ಮುಂದುವರಿದರೆ ಮಂಚದಲ್ಲೇ ಎಲ್ಲೋ ಬಿಟ್ಟಿದ್ದೀರಿ ಎಂದರ್ಥ, ಹಂತ 4ಕ್ಕೆ ಹಿಂದಿರುಗಿ.

ಹಂತ 8: ಔಷಧಿ, ಬೇಕಾದರೆ, ಕೊನೆಗೆ

ಮನೆಯಲ್ಲಿ ನೀವೇ ಬಳಸಬಹುದಾದದ್ದು ಡಯಾಟಮೇಷಿಯಸ್ ಅರ್ತ್ ಅಥವಾ ಸಿಲಿಕಾ ಪುಡಿ, ಕೀಟಗಳಿಗೆಂದೇ ಮಾರುವಂಥದ್ದು. ಮೊದಲನೆಯದು ಪಾಚಿಯ ಸೂಕ್ಷ್ಮ ಪಳೆಯುಳಿಕೆಯ ಹುಡಿ. ಎರಡೂ ತಿಗಣೆಯ ಮೈಮೇಲಿನ ಮೇಣವನ್ನು ಕಿತ್ತು ಒಣಗಿಸಿ ಕೊಲ್ಲುತ್ತವೆ. ಇದಕ್ಕೆ ಒಂದೆರಡು ವಾರ ಬೇಕು. ಒಣ ಪೇಂಟ್ ಬ್ರಷ್‌ನಿಂದ ಮಂಚದ ಒಳಸಂದಿಗಳಿಗೆ, ಗೋಡೆ-ನೆಲ ಕೂಡುವ ಕಡೆಗೆ, ಕನ್ನಡಿ ಮೇಲಿನ ಧೂಳಿನಷ್ಟು ತೆಳುವಾಗಿ ಹಚ್ಚಿ. ರಾಶಿ ಸುರಿದರೆ ತಿಗಣೆ ಬಳಸಿಕೊಂಡು ಹೋಗುತ್ತದೆ. ಹಚ್ಚುವಾಗ ಮಾಸ್ಕ್ ಕಡ್ಡಾಯ, ಮಲಗುವ ಮೇಲ್ಮೈಗೆ ಹಚ್ಚುವಂತಿಲ್ಲ, ಆ ಜಾಗವನ್ನು ನೀರಲ್ಲಿ ಒರೆಸುವಂತಿಲ್ಲ.

ಅಂಗಡಿಯ ಜಿರಳೆ ಸ್ಪ್ರೇಗಳಲ್ಲಿ ಬಹುಪಾಲು ಇರುವುದು ಪೈರಿಥ್ರಾಯ್ಡ್, ಅಂದರೆ ಸೇವಂತಿಗೆ ಕುಲದ ಹೂವೊಂದರ ಕೀಟನಾಶಕ ಗುಣವನ್ನು ಅನುಕರಿಸಿ ಮಾಡಿದ ರಾಸಾಯನಿಕ. ಇದಕ್ಕೆ ಬಹಳಷ್ಟು ತಿಗಣೆಗಳು ಒಗ್ಗಿಹೋಗಿವೆ. ಹೊಸ ವಿಷಯವೇನಲ್ಲ, 1940ರ ದಶಕ ಮುಗಿಯುವಷ್ಟರಲ್ಲೇ ಡಿಡಿಟಿಗೂ ಒಗ್ಗಿಕೊಂಡ ತಿಗಣೆಗಳಿದ್ದವು. ಸ್ಪ್ರೇ ನೇರ ಮೈಮೇಲೆ ಬಿದ್ದದ್ದು ಸಾಯಬಹುದು, ಉಳಿದವು ಚದುರಿ ಪಕ್ಕದ ಕೋಣೆ ಸೇರುತ್ತವೆ. ಹೊಗೆಯಂತೆ ಕೋಣೆ ತುಂಬುವ ಫಾಗರ್ ಡಬ್ಬಿಗಳು ಇನ್ನೂ ಕೆಟ್ಟವು: ಹನಿಗಳು ಸಂದಿಯೊಳಗೆ ಇಳಿಯುವುದೇ ಇಲ್ಲ. ಸೊಳ್ಳೆ ಲಿಕ್ವಿಡ್, ನುಸಿಗುಳಿಗೆ, ಕರ್ಪೂರ, ಫಿನೈಲ್, ಬೇವಿನೆಣ್ಣೆ ಇವುಗಳಿಂದ ವಾಸನೆ ಬದಲಾಗುತ್ತದೆ, ತಿಗಣೆ ಹೋಗುವುದಿಲ್ಲ. ಬೆಕ್ಕು ಅಥವಾ ಮೀನಿನ ತೊಟ್ಟಿ ಇರುವ ಮನೆಯಲ್ಲಿ ಪೈರಿಥ್ರಾಯ್ಡ್ ಬಗ್ಗೆ ಇಮ್ಮಡಿ ಎಚ್ಚರ ಬೇಕು, ಎರಡಕ್ಕೂ ಅದು ವಿಷ.

ಹಂತ 9: ಕ್ಯಾಲೆಂಡರ್

ಮೊದಲ ದಿನವನ್ನು ಸೊನ್ನೆ ಎಂದು ಬರೆಯಿರಿ. 14ನೇ ದಿನ ಹಂತ 2ರಿಂದ 4ರವರೆಗೆ ಪುನಃ, ಕಡಿತ ನಿಂತಿದ್ದರೂ ಸರಿಯೇ (ಹಾಸಿಗೆಯ ಜಿಪ್ ಕವರ್ ಬಿಚ್ಚದೆ ಹೊರಗಿನಿಂದಲೇ ನೋಡಿ). ಆ ಹೊತ್ತಿಗೆ ಉಳಿದ ಮೊಟ್ಟೆಗಳು ಒಡೆದಿರುತ್ತವೆ, ಮರಿಗಳು ಇನ್ನೂ ಮೊಟ್ಟೆಯಿಡುವ ವಯಸ್ಸಿಗೆ ಬಂದಿರುವುದಿಲ್ಲ. 28ನೇ ದಿನ ಮೂರನೆಯ ಸುತ್ತು; ಚಳಿಗಾಲದಲ್ಲಿ ಇದನ್ನು ಬಿಡಲೇಬೇಡಿ. ನಡುವಿನ ವಾರಗಳಲ್ಲಿ ಚಾದರಕ್ಕೆ ಕುದಿನೀರು, ಬಟ್ಟಲ ತಪಾಸಣೆ. ಜೀವಂತವಾದದ್ದು ಒಂದು ಸಿಕ್ಕರೂ ಆ ದಿನದಿಂದ ಮತ್ತೆ 14 ಎಣಿಸಿ. ಕೊನೆಯದು ಸಿಕ್ಕ ಮೇಲೆ ಎಂಟು ವಾರ ಬಟ್ಟಲು ಖಾಲಿ, ಹೊಸ ಹಿಕ್ಕೆ ಇಲ್ಲ ಎಂದಾದರೆ ಮುಗಿಯಿತು.

ಇವುಗಳ ತಂಟೆಗೆ ಹೋಗಬೇಡಿ

ಧಾನ್ಯಕ್ಕೆ ಹುಳ ಬೀಳದಂತೆ ಗೋದಾಮಿನಲ್ಲಿ ಇಡುವ ಗುಳಿಗೆ ಅಥವಾ ಪುಡಿ ಪೊಟ್ಟಣ, ಅಲ್ಯೂಮಿನಿಯಂ ಫಾಸ್ಫೈಡ್, ಇದನ್ನು ತಿಗಣೆಗೆಂದು ಹಾಸಿಗೆ ಕೆಳಗೆ ಇಡುವವರಿದ್ದಾರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಅದು ಗೋಡೆ ಬಿರುಕು, ವೆಂಟಿಲೇಟರ್, ಪೈಪಿನ ಸಂದಿಯಲ್ಲಿ ತೂರಿ ಪಕ್ಕದ ಮನೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ಇದಕ್ಕೆ ಮದ್ದಿಲ್ಲ. ನಮ್ಮ ದೇಶದಲ್ಲಿ ತಿಗಣೆಗೆಂದು ಇಟ್ಟ ಈ ವಿಷಕ್ಕೆ ಮಕ್ಕಳೂ ಸೇರಿ ಜೀವಗಳು ಹೋಗಿವೆ. ಸಾಮಾನ್ಯ ಜನ ಇದನ್ನು ಬಳಸುವಂತೆಯೇ ಇಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆಯ ಜೊತೆ ತಲೆಸುತ್ತು, ವಾಂತಿ, ಎದೆ ಬಿಗಿತ ಬಂದರೆ ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಹೋಗಿ 108ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನೂ ಎಬ್ಬಿಸಿ.

ಬೆಳೆಗೆ ಹೊಡೆಯುವ ಯಾವ ಔಷಧಿಯೂ ಮನೆಯೊಳಗೆ ಬೇಡ. ‘ಊರಿಂದ ತಂದ ಔಷಧಿ, ಒಂದೇ ಸಲಕ್ಕೆ ಸಾಯ್ತವೆ’ ಎನ್ನುತ್ತಾ ಲೇಬಲ್ ಇಲ್ಲದ ಬಾಟಲಿ ಕೊಡುವವರಿಂದ ದೂರ ಇರಿ. ಹಿಂದೆ ಹೀಗೆ ಮನೆಮನೆಗೆ ಬರುತ್ತಿದ್ದ ಡೈಕ್ಲೋರ್‌ವಾಸ್ ಭಾರತದಲ್ಲಿ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧ. ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಹಾಸಿಗೆಗೆ ಸಿಂಪಡಿಸಿ ಬೆಂಕಿ ಹೊತ್ತಿಸಿಕೊಳ್ಳಬೇಡಿ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವುದಾದರೆ

ಎರಡಕ್ಕಿಂತ ಹೆಚ್ಚು ಕೋಣೆಗೆ ಹಬ್ಬಿದ್ದರೆ, ಸೋಫಾದೊಳಗೆ ಸೇರಿದ್ದರೆ ಕರೆಯುವುದೇ ಜಾಣತನ. ಈ ಕೆಲಸಕ್ಕೆ ಕೀಟನಾಶಕ ಕಾನೂನಿನಡಿ ಲೈಸೆನ್ಸ್ ಬೇಕು, ತೋರಿಸಲು ಹೇಳಿ. ಯಾವ ಔಷಧಿ, ಎಷ್ಟು ಹೊತ್ತು ಮನೆ ಬಿಡಬೇಕು, ಎರಡನೆಯ ಸಲ ಯಾವಾಗ ಬರುತ್ತೀರಿ ಎಂಬುದನ್ನು ಬರೆದು ಕೊಡಲು ಕೇಳಿ. ಎರಡನೆಯ ಭೇಟಿಯ ಮಾತೇ ಎತ್ತದೆ ‘ಒಂದೇ ಸಲಕ್ಕೆ ಗ್ಯಾರಂಟಿ’ ಎನ್ನುವವರಿಗೆ ತಿಗಣೆಯ ಮೊಟ್ಟೆಯ ಲೆಕ್ಕ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ. ಅವರು ಬರುವ ಮೊದಲು ಹಂತ 3 ಮತ್ತು 4 ನೀವು ಮಾಡಿಟ್ಟರೆ ಮಾತ್ರ ಔಷಧಿ ಸಂದಿಗೆ ತಲುಪುತ್ತದೆ. ಹೊಡೆದ ಮರುದಿನವೇ ನೆಲ, ಮಂಚ ತೊಳೆದರೆ ಕೊಟ್ಟ ದುಡ್ಡು ನೀರಲ್ಲಿ ಹೋಯಿತು.

ಪಿಜಿ, ಹಾಸ್ಟೆಲ್‌ನಲ್ಲಿರುವವರಿಗೆ: ನಿಮ್ಮ ಮಂಚ ಒಂದಕ್ಕೆ ಮಾಡಿದರೆ ಪ್ರಯೋಜನ ಕಡಿಮೆ. ಕೋಣೆಯ ಎಲ್ಲ ಮಂಚ, ಜೊತೆಗೆ ಎಡ ಬಲ ಮೇಲೆ ಕೆಳಗಿನ ಕೋಣೆಗಳ ತಪಾಸಣೆ ಒಂದೇ ದಿನ ನಡೆಯಬೇಕು. ಟೇಪಿಗೆ ಅಂಟಿಸಿದ ತಿಗಣೆ ಮತ್ತು ತಾರೀಖು ಇರುವ ಫೋಟೊ ಮಾಲೀಕರ ಮುಂದಿಟ್ಟು ಕೇಳಿ, ‘ಸೊಳ್ಳೆ ಇರಬೇಕು’ ಎಂಬ ಉತ್ತರಕ್ಕೆ ಆಗ ಜಾಗ ಇರುವುದಿಲ್ಲ. ಔಷಧಿ ಹೊಡೆಯುವ ದಿನ ಏನು ಹೊಡೆಯುತ್ತಾರೆ, ಎಷ್ಟು ಗಂಟೆಗೆ ಒಳಗೆ ಹೋಗಬಹುದು ಎಂದು ತಿಳಿಯದೆ ಆ ಕಟ್ಟಡದಲ್ಲಿ ಮಲಗಬೇಡಿ.

ಮತ್ತೆ ಒಳಗೆ ಬಿಡದಿರಲು

ಲಾಡ್ಜಿನಲ್ಲಿ ಬೀಗ ತೆರೆದ ಕೂಡಲೇ ಬ್ಯಾಗನ್ನು ಮಂಚದ ಮೇಲೆ ಇಡಬೇಡಿ, ಬಚ್ಚಲುಮನೆಯ ಒಣ ನೆಲದ ಮೇಲಿಡಿ. ತಲೆದಿಂಬಿನ ಕಡೆ ಚಾದರ ಎತ್ತಿ ಎರಡು ಮೂಲೆ, ತಲೆಹಲಗೆಯ ಹಿಂಬದಿ ಟಾರ್ಚ್ ಹಾಕಿ ನೋಡಲು ಎರಡು ನಿಮಿಷ ಸಾಕು. ಕಪ್ಪು ಚುಕ್ಕೆ ಕಂಡರೆ ಬೇರೆ ಕೋಣೆ ಕೇಳಿ, ಪಕ್ಕದ್ದಲ್ಲ, ಬೇರೆ ಅಂತಸ್ತಿನದ್ದು. ಸ್ಲೀಪರ್ ಬಸ್ಸಿನಲ್ಲಿ ಸ್ವಂತ ಚಾದರ ಹಾಸಿಕೊಂಡಿದ್ದರೆ ಇಳಿಯುವಾಗ ಅದನ್ನು ಬೇರೆ ಚೀಲಕ್ಕೆ ಹಾಕಿ, ಮನೆಗೆ ಬಂದೊಡನೆ ಬಿಸಿನೀರಿಗೆ. ಗುಜರಿಯಿಂದ, ಬಾಡಿಗೆಗೆ ಸಾಮಾನು ಕೊಡುವವರಿಂದ ಮಂಚ ತಂದರೆ ಅಂಗಳದಲ್ಲೇ ಬಿಚ್ಚಿ ನೋಡಿ, ಸ್ಕ್ರೂ ತೂತಿನವರೆಗೆ.